ಹಗ್ಗ ಹಿಡಿದ ನೂರು ಗಂಟೆ

ನಮ್ಮ ಮನೆಯಲ್ಲಿ ಯಾರಿಗೂ ಜ್ವರ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ನರ್ಸಿಂಗ್ ಕಾಲೇಜಿನವರು ನನ್ನ ಅರ್ಜಿಯನ್ನು ಎರಡು ಸಲ ತಿರಸ್ಕರಿಸಿದ್ದರು. ಮೂರನೆಯ ಸಲ ಅರ್ಜಿ ಹಾಕುವಾಗ ನನಗೆ ಇಪ್ಪತ್ತೈದು ತುಂಬಲು ನಾಲ್ಕು ತಿಂಗಳಿತ್ತು. ಇಪ್ಪತ್ತೈದು ತುಂಬಿದವರ ಅರ್ಜಿಯನ್ನು ಅವರು ಮುಟ್ಟುವುದೂ ಇಲ್ಲ. ಇಪ್ಪತ್ತೆಂಟು ಸೀಟಿಗೆ ಆ ವರ್ಷ ಸಾವಿರದ ಆರುನೂರು ಚಿಲ್ಲರೆ ಹುಡುಗಿಯರೂ ಹನ್ನೊಂದು ಮಂದಿ ಹುಡುಗರೂ ಅರ್ಜಿ ಹಾಕಿದ್ದರು. ಈ ಸಲ ಸಿಗದಿದ್ದರೆ ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತು ಜೀವಮಾನವಿಡೀ ಬೆಲ್ಲ ತೂಗುವುದೇ ಗತಿ. ಬೆಲ್ಲದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅದಕ್ಕೆ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಮ್ಮ ಊರಿನಲ್ಲಿ ಜ್ವರ ಬಂದವರು ಮೇಲಕ್ಕೇಳುತ್ತಾರೆ. ಮೈ ಬೆಚ್ಚಗಾದರೆ ಚಾಪೆಯಿಂದ ಒಂದು ಗೇಣು, ಸುಡತೊಡಗಿದರೆ ಆಳೆತ್ತರ, ಮಾತು ತೊದಲುವಷ್ಟಾದರೆ ನೇರ ಛಾವಣಿಗೆ. ಸೊಂಟಕ್ಕೆ ನೂಲಿನ ಹಗ್ಗ ಕಟ್ಟಿ ಕೆಳಗೆ ಒಬ್ಬರು ಹಿಡಿದು ಕೂರಬೇಕು. ಹಗ್ಗವನ್ನು ಕಂಬಕ್ಕೋ ಕಿಟಕಿಯ ಸರಳಿಗೋ ಬಿಗಿದು ಕೆಲಸಕ್ಕೆ ಹೋದರೆ ಜ್ವರ ಇಳಿಯುವುದಿಲ್ಲ, ಕೈಯೇ ಆಗಬೇಕು. ಮನೆ ಕಟ್ಟಿಸುವವರು ಛಾವಣಿಗೆ ಹತ್ತಿಯ ಮೆತ್ತೆ ಹೊಡೆಸುತ್ತಾರೆ, ಫ್ಯಾನಿಗೆ ಕಬ್ಬಿಣದ ಪಂಜರ ಹಾಕಿಸುತ್ತಾರೆ. ಟೈಫಾಯಿಡ್ ಬಂದರೂ ರಜೆ ಹಾಕದೆ ಕಾಗದ ಹಂಚಲು ಹೊರಟ ಅಂಚೆಯವನೊಬ್ಬ ಅರಳಿಮರದ ಕೊಂಬೆಗೆ ಸಿಕ್ಕಿಕೊಂಡದ್ದರಿಂದ ಬದುಕಿ ಉಳಿದ. ಅವನ ಚೀಲದಿಂದ ಮೂರು ದಿನ ಕಾಗದ ಉದುರುತ್ತಿದ್ದವು. ಜನ ಮರದ ಕೆಳಗೇ ಹೋಗಿ ತಮ್ಮ ತಮ್ಮದನ್ನು ಆರಿಸಿಕೊಂಡು ಬಂದರು, ಕೆಲವರು ಪಕ್ಕದ ಮನೆಯವರದನ್ನೂ ಓದಿಕೊಂಡು ಬಂದರು.

ಜ್ವರ ಬಿಟ್ಟು ಕೆಳಗಿಳಿದವರಿಗೆ ಉಪ್ಪು ಹಾಕಿದ ಗಂಜಿ ಕುಡಿಸುತ್ತೇವೆ. ಮೇಲೆ ಏನು ಕಂಡೆ, ಏನು ಮಾಡಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಜ್ವರ ಮರುಕಳಿಸುತ್ತದಂತೆ. ಇಳಿದವರೂ ಹೇಳುವುದಿಲ್ಲ. ಮೇಲಿದ್ದಾಗಲೇ ಏನಾದರೂ ಕೂಗಿ ಹೇಳಿದರೆ ಅದು ಬಡಬಡಿಕೆ ಎಂದು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೀಗಾಗಿ ಊರಿನ ಅರ್ಧ ಜನ ಒಂದಲ್ಲ ಒಂದು ಸಲ ಛಾವಣಿಗೆ ಹೋಗಿ ಬಂದಿದ್ದರೂ ಅಲ್ಲಿ ಹೇಗಿರುತ್ತದೆ ಎಂಬ ಮಾತೇ ನಮ್ಮಲ್ಲಿಲ್ಲ.

ನಮ್ಮ ಮನೆಯವರು ಮಾತ್ರ ಮೂರು ತಲೆಮಾರಿನಿಂದ ನೆಲ ಬಿಟ್ಟಿಲ್ಲ. ನಮ್ಮ ಛಾವಣಿಗೆ ಮೆತ್ತೆಯಿಲ್ಲ, ಫ್ಯಾನಿಗೆ ಪಂಜರವಿಲ್ಲ, ಮನೆಯಲ್ಲಿ ಒಂದು ಮಾರು ಹಗ್ಗವೂ ಇಲ್ಲ. ಇದನ್ನು ಬೀದಿಯವರು ಆರೋಗ್ಯ ಎನ್ನದೆ ಕೊಬ್ಬು ಎನ್ನುತ್ತಿದ್ದರು. ಅವ್ವ ಬೇರೆಯವರ ಮನೆಗೆ ಹಗ್ಗ ಹಿಡಿಯಲು ಹೋಗುತ್ತಿದ್ದಳೇ ಹೊರತು ಅವಳ ಮನೆಗೆ ಯಾರೂ ಬರುವ ಸಂದರ್ಭವೇ ಬರಲಿಲ್ಲ. ಆ ಕೊರಗು ಅವಳಿಗೆ ಇತ್ತು. ಹಿಂದಿನ ವರ್ಷದ ಸಂದರ್ಶನದಲ್ಲಿ ಮೇಟ್ರನ್ ದಮಯಂತಮ್ಮ ನನ್ನ ಅರ್ಜಿಯನ್ನು ಮಡಿಸಿ ವಾಪಸು ಕೊಡುತ್ತಾ, "ನಿಮ್ಮನೇಲಿ ಯಾರೂ ಮೇಲೆ ಹೋದವರೇ ಇಲ್ಲ. ಮೇಲಿರೋರ ಕಷ್ಟ ನಿನಗೇನಮ್ಮಾ ಗೊತ್ತಾಗುತ್ತೆ?" ಎಂದಿದ್ದರು. ನಿಮಗೆ ಗೊತ್ತಾ ಮೇಡಂ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಮೂವತ್ತನಾಲ್ಕು ವರ್ಷ ಹಗ್ಗ ಹಿಡಿದ ಹೆಂಗಸು. ಆಕೆಯ ಅಂಗೈ ಎತ್ತಿನ ಹೆಗಲಿನ ಹಾಗೆ ಜಡ್ಡುಗಟ್ಟಿತ್ತು.

ನನಗೆ ಈ ಹುಚ್ಚು ಹಿಡಿದದ್ದು ಒಂಬತ್ತನೆಯ ವಯಸ್ಸಿನಲ್ಲಿ. ಎದುರು ಮನೆಯ ಗೆಳತಿ ಚಂಪಾಳಿಗೆ ದಡಾರ ಎದ್ದಾಗ ಅವಳ ತಾಯಿ ನೀರು ತರಲು ಹೋಗುತ್ತಾ ಹಗ್ಗವನ್ನು ನನ್ನ ಕೈಗೆ ಕೊಟ್ಟು ಹೋದರು. ಕಾಲು ಗಂಟೆ ಇರಬಹುದು. ಮೇಲಿನಿಂದ ಅವಳ ಉಸಿರು ಹಗ್ಗದಲ್ಲಿ ಇಳಿದು ನನ್ನ ಬೆರಳಿಗೆ ತಾಗುತ್ತಿತ್ತು. ಒಂದು ಜೀವ ನನ್ನ ಕೈಯಲ್ಲಿದೆ, ನಾನು ಬಿಟ್ಟರೆ ಇಲ್ಲ ಎಂಬುದು ಅಂದು ತಿಳಿಯಿತು. ಅಷ್ಟು ಸಂತೋಷ ನನಗೆ ಆಮೇಲೆ ಯಾವುದರಲ್ಲೂ ಸಿಗಲಿಲ್ಲ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅರ್ಜಿಯ ಜೊತೆ ನೂರು ಗಂಟೆ ಹಗ್ಗ ಹಿಡಿದದ್ದಕ್ಕೆ ದಾಖಲೆ ಕೊಡಬೇಕು. ಒಂದೊಂದು ಗಂಟೆಗೂ ಜ್ವರದವರು ಕೆಳಗಿಳಿದ ಮೇಲೆ ಒಂದೊಂದು ಸಹಿ ಹಾಕಬೇಕು. ಬೇರೆ ಹುಡುಗಿಯರು ಅಜ್ಜಿ, ಚಿಕ್ಕಪ್ಪ, ಅತ್ತೆ ಎಂದು ಮನೆಯಲ್ಲೇ ನೂರು ತುಂಬಿಸಿಕೊಳ್ಳುತ್ತಿದ್ದರು. ನಾನು ಬೀದಿ ಬೀದಿ ಅಲೆಯಬೇಕಿತ್ತು. ಅರ್ಜಿಯ ಕಾಲದಲ್ಲಿ ನಮ್ಮ ಊರಿನಲ್ಲಿ ಒಬ್ಬರು ಸೀನಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಯಾರಾದರೂ ಮಧ್ಯಾಹ್ನ ಕಂಬಳಿ ಹೊದ್ದು ಮಲಗಿದರೆ ಸಂಜೆಯೊಳಗೆ ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ ಬಿದ್ದಿರುತ್ತವೆ. ಹಾಗೂ ಹೀಗೂ ಅರವತ್ತೊಂದು ಗಂಟೆ ಮಾಡಿಕೊಂಡೆ. ಕೊನೆಯ ದಿನಕ್ಕೆ ಹನ್ನೆರಡು ದಿನ ಉಳಿದಿತ್ತು.

ಆಗ ನಮ್ಮ ಪುಣ್ಯಕ್ಕೆ ಗಣಿತದ ಮೇಷ್ಟರು ಶಂಭುಲಿಂಗಯ್ಯನವರಿಗೆ ಜ್ವರ ಬಂತು. ನಾನು ಹೋಗುವಷ್ಟರಲ್ಲಿ ಹನ್ನೊಂದು ಜನ ಅಂಗಳದಲ್ಲಿ ಸಾಲು ಹಚ್ಚಿದ್ದರು. ಮೇಷ್ಟರ ಹೆಂಡತಿ ಮೆಟ್ಟಿಲ ಮೇಲೆ ಕೂತು ಮೊರ ಹಂಚುತ್ತಿದ್ದರು. "ಒಂದು ಗಂಟೆ ಹಗ್ಗ ಬೇಕಾದ್ರೆ ಒಂದು ಸೇರು ಅಕ್ಕಿ ಆರಿಸಿಕೊಡಿ. ಕಲ್ಲು ಸಿಕ್ತೋ, ಸರದಿ ಹೋಯ್ತು," ಎಂದರು. ನಾನು ಹಾಗೇ ಹಿಂತಿರುಗಿ, ಅಂಗಡಿಯಲ್ಲಿ ಆರಿಸಿಟ್ಟ ಅಕ್ಕಿಯ ಮೂಟೆಯನ್ನೇ ಸೈಕಲ್ಲಿಗೆ ಹೇರಿಕೊಂಡು ಬಂದೆ. ಉಳಿದವರು ನನ್ನನ್ನು ನುಂಗುವ ಹಾಗೆ ನೋಡಿದರು. ಕಿರಾಣಿ ಅಂಗಡಿಯವರ ಮಗಳಾಗಿದ್ದರಿಂದ ನನಗೆ ಬದುಕಿನಲ್ಲಿ ಆದ ಮೊದಲ ಪ್ರಯೋಜನ ಅದು.

ಒಂಬತ್ತು ದಿನದಲ್ಲಿ ಮೂವತ್ತೊಂಬತ್ತು ಗಂಟೆ ಮೇಷ್ಟರನ್ನು ಹಿಡಿದೆ. ಅವರು ಮೇಲಿನಿಂದಲೇ ಮಗ್ಗಿ ಒಪ್ಪಿಸಲು ಹೇಳುತ್ತಿದ್ದರು. ತಪ್ಪಿದರೆ ಹಗ್ಗ ಜಗ್ಗುತ್ತಿದ್ದರು. ಕೊನೆಗೆ ಇಳಿದು, ಗಂಜಿ ಕುಡಿದು, ಸಹಿ ಹಾಕಲು ಕೂತರು. ಮೂವತ್ತೊಂಬತ್ತು ಸಹಿ ಎಂದರೆ ಆ ವಯಸ್ಸಿಗೆ ಸಣ್ಣ ಕೆಲಸವೇ? ಇಪ್ಪತ್ತೆರಡನೆಯದಕ್ಕೆ ಮೈ ಮತ್ತೆ ಬೆಚ್ಚಗಾಗಿ ಕುರ್ಚಿಯಿಂದ ಏಳತೊಡಗಿದರು. ನಾನು ಒಂದು ಕೈಯಲ್ಲಿ ಅವರ ಪಂಚೆಯ ಅಂಚನ್ನೂ ಇನ್ನೊಂದು ಕೈಯಲ್ಲಿ ಸಹಿಯ ಪುಸ್ತಕವನ್ನೂ ಹಿಡಿದು ಉಳಿದದ್ದನ್ನು ಹಾಕಿಸಿಕೊಂಡೆ. ಅರ್ಜಿಯಲ್ಲಿ ಕೊನೆಯ ಹದಿನೇಳು ಸಹಿಗಳು ಮೇಲ್ಮುಖವಾಗಿರುವುದು ಅದಕ್ಕೇ.

ಮೊದಲ ಸುತ್ತಿನಲ್ಲಿ ಉಳಿದವರು ಅರವತ್ತು ಜನ, ಅವರಲ್ಲಿ ನಾನೂ ಒಬ್ಬಳು. ಇನ್ನು ಆಸ್ಪತ್ರೆಯ ಹಳೆಯ ವಾರ್ಡಿನಲ್ಲಿ ಪ್ರಾಯೋಗಿಕ ಪರೀಕ್ಷೆ. ಕಾಲೇಜಿಗೆ ಪುಟ್ಟಮಲ್ಲಪ್ಪ ಎಂಬ ಪರೀಕ್ಷಾ ರೋಗಿ ಇದ್ದರು. ಅವರಿಗೆ ಚಳಿಜ್ವರ. ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬರುತ್ತದೆ, ಸಂಜೆ ಐದಕ್ಕೆ ಬಿಡುತ್ತದೆ. ಮೂವತ್ತು ವರ್ಷದಿಂದ ಪರೀಕ್ಷೆಯ ತಾರೀಕುಗಳನ್ನು ಅವರ ಜ್ವರ ನೋಡಿಕೊಂಡೇ ಇಡುತ್ತಿದ್ದರು. ಒಂದು ವರ್ಷ ಜ್ವರ ನಲವತ್ತು ನಿಮಿಷ ತಡವಾಗಿ ಬಂದದ್ದಕ್ಕೆ, ಓದುಬರಹ ಬಾರದ ಆ ಮನುಷ್ಯ ಯಾರಿಂದಲೋ ಕ್ಷಮಾಪಣೆ ಪತ್ರ ಬರೆಸಿ ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದರಂತೆ.

ನನ್ನ ಪರೀಕ್ಷೆಯ ದಿನ ಬೆಳಿಗ್ಗೆ ಎಚ್ಚರವಾದಾಗ ನಾನು ಚಾಪೆಯ ಮೇಲೆ ಇರಲಿಲ್ಲ. ಚಾಪೆ ನನ್ನ ಕೆಳಗೆ ಎರಡು ಗೇಣು ದೂರದಲ್ಲಿತ್ತು. ಮೇಷ್ಟರು ಮಗ್ಗಿಯ ಜೊತೆ ಜ್ವರವನ್ನೂ ಕೊಟ್ಟಿದ್ದರು. "ಅವ್ವಾ!" ಎಂದು ಕೂಗಿದೆ. ಅವ್ವ ಬಂದು ನೋಡಿ ಕೈಯಲ್ಲಿದ್ದ ಚೊಂಬು ಕೆಳಗೆ ಹಾಕಿದಳು. ಹೆದರಿದಳು ಎಂದುಕೊಂಡೆ. ಅವಳು ಬಾಗಿಲಿಗೆ ಓಡಿ, "ಬನ್ರೇ, ಬಂದು ನೋಡ್ರೇ! ನಮ್ಮನೇಲಿ ಜ್ವರ ಬರಲ್ಲ ಅಂತಿದ್ರಲ್ಲ, ಬಂದು ಕಣ್ಣಾರೆ ನೋಡಿ!" ಎಂದು ಇಡೀ ಬೀದಿಯನ್ನು ಒಳಗೆ ಕರೆದಳು. ಅವರು ಬಂದು ನನ್ನ ಕೆಳಗೆ ಕೈಯಾಡಿಸಿ ನೋಡಿದರು. ಎದುರು ಮನೆಯವರು, ಅದೇ ಚಂಪಾಳ ತಾಯಿ, ಅವ್ವನಿಗೆ ಕುಂಕುಮ ಕೊಟ್ಟರು. ನಾನು ಅಲ್ಲೇ ಗಾಳಿಯಲ್ಲಿ ಮಲಗಿ ಅಳುತ್ತಿದ್ದೆ. ಅರ್ಜಿಯ ಹದಿನಾಲ್ಕನೆಯ ಕಾಲಂ ಯಾರಿಗೂ ನೆನಪಿರಲಿಲ್ಲ: ಪರೀಕ್ಷೆಯ ದಿನ ಅಭ್ಯರ್ಥಿಯ ಎರಡೂ ಪಾದಗಳು ನೆಲಕ್ಕೆ ಊರಿರಬೇಕು.

ಅಪ್ಪನಿಗೆ ಮಾತ್ರ ಅರ್ಥವಾಯಿತು. ಅಂಗಡಿಗೆ ಹೋಗಿ ತೂಕದ ಬಟ್ಟುಗಳನ್ನು ತಂದು, ನನ್ನನ್ನು ನೆಟ್ಟಗೆ ನಿಲ್ಲಿಸಿ ಮಡಿಲಿಗೆ ಒಂದೊಂದಾಗಿ ಇಡತೊಡಗಿದ. ಐದು ಕೇಜಿ ಇಟ್ಟ, ಸಾಲಲಿಲ್ಲ. ಎರಡು ಇಟ್ಟ, ಬೆರಳ ತುದಿ ತಾಗಿತು. ಅರ್ಧ ಇಟ್ಟಾಗ ಹಿಮ್ಮಡಿ ನೆಲಕ್ಕೆ ಕೂತಿತು. "ಏಳೂವರೆ ಕೇಜಿ ಜ್ವರ ಕಣಮ್ಮ," ಎಂದ. ಅವ್ವ ಲಂಗದ ಒಳಗೆ ಚೀಲ ಹೊಲಿದು ಬಟ್ಟುಗಳನ್ನು ತುಂಬಿದಳು. ಅಂದು ಅಪ್ಪ ಇಡೀ ದಿನ ಬೇಳೆ ಸಕ್ಕರೆಯನ್ನು ಕಣ್ಣಂದಾಜಿನಲ್ಲಿ ಕೊಟ್ಟನಂತೆ. ಮೋಸ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋದೆ.

ವಾರ್ಡಿನ ಬಾಗಿಲಲ್ಲಿ ಗುಮಾಸ್ತ ತಿಮ್ಮರಸಯ್ಯನವರು ಮೇಜು ಹಾಕಿಕೊಂಡು ಕುಳಿತಿದ್ದರು. ಮೊಣಕಾಲೂರಿ, ಕನ್ನಡಕ ಏರಿಸಿ, ನನ್ನ ಎರಡೂ ಪಾದಗಳ ಕೆಳಗೆ ಕಾಗದದ ಹಾಳೆ ತೂರಿಸಲು ನೋಡಿದರು. ಹಾಳೆ ತೂರಲಿಲ್ಲ. ಎದ್ದು ಹದಿನಾಲ್ಕನೆಯ ಕಾಲಂನಲ್ಲಿ ಶಾಯಿಯಿಂದ ಸರಿ ಗುರುತು ಹಾಕಿದರು. ಒಳಗೆ ಪುಟ್ಟಮಲ್ಲಪ್ಪ ಎರಡಾಳು ಎತ್ತರದ ಛಾವಣಿಗೆ ಅಂಟಿಕೊಂಡು ಕಾಲು ಅಲ್ಲಾಡಿಸುತ್ತಿದ್ದರು. ಕೆಳಗೆ ಮೇಟ್ರನ್ ದಮಯಂತಮ್ಮ ಬರಿತಲೆಯಲ್ಲಿ ಕೂತಿದ್ದರು. ಮೇಲಿನಿಂದ ಗಂಜಿ ಚೆಲ್ಲುವ ಊರಿನಲ್ಲಿ ನರ್ಸುಗಳು ಟೋಪಿ ಹಾಕುವುದಿಲ್ಲ, ಹಾಕಿದರೆ ಟೋಪಿಯೇ ಬಟ್ಟಲಾಗುತ್ತದೆ. "ಹದಿನೈದು ನಿಮಿಷ. ಹಗ್ಗ ಬಿಡಬಾರದು. ಉದ್ದ ಸೌಟಲ್ಲಿ ಗಂಜಿ ಕುಡಿಸಬೇಕು. ಕಣ್ಣು ಹಗ್ಗದ ಮೇಲೇ ಇರಬೇಕು," ಎಂದರು. ಹಗ್ಗವನ್ನೇ ನೋಡಬೇಕು ಎನ್ನುವುದು ನಮ್ಮ ನರ್ಸುಗಳಿಗೆ ಮೊದಲ ಪಾಠ.

ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಹಗ್ಗವನ್ನು ಮುಂಗೈಗೆ ಎರಡು ಸುತ್ತು ಹಾಕಿಕೊಂಡಿದ್ದೆ, ಪುಟ್ಟಮಲ್ಲಪ್ಪ ಐದು ಸೌಟು ಕುಡಿದಿದ್ದರು, ಮೇಟ್ರನ್ ಮೇಲೆ ಒಂದೇ ಹನಿ ಬಿದ್ದಿತ್ತು. ಹನ್ನೊಂದನೆಯ ನಿಮಿಷಕ್ಕೆ ನನ್ನ ಜ್ವರ ಎಂಟು ಕೇಜಿಯಾಯಿತು. ಹಿಮ್ಮಡಿ ಎದ್ದಿತು. ಕಾಲ್ಬೆರಳಲ್ಲಿ ನೆಲ ಹುಡುಕಿದೆ. ಅಷ್ಟರಲ್ಲಿ ಅವ್ವನ ಹೊಲಿಗೆ ಬಿಟ್ಟುಕೊಂಡು ಐದು ಕೇಜಿಯ ಬಟ್ಟು ತಿಮ್ಮರಸಯ್ಯನವರ ಮೇಜಿನ ಪಕ್ಕಕ್ಕೆ ಢಣ್ ಎಂದು ಬಿತ್ತು. ಗಾಬರಿಗೆ ಜ್ವರ ಇನ್ನೂ ಏರಿ, ನಾನೂ ಏರಿದೆ. ಛಾವಣಿಗೆ ತಲೆ ಬಡಿಯುವವರೆಗೂ ಏರಿದೆ. ಹಗ್ಗವನ್ನು ಮಾತ್ರ ಬಿಡಲಿಲ್ಲ. ಅದರ ಬಾಲ ಕೆಳಗೆ ತೂಗುತ್ತಿತ್ತು.

"ಅಭ್ಯರ್ಥಿ ನೀಲವೇಣಿ ಮೇಲಕ್ಕೆ ಹೋದರು. ಸಮಯ ಹನ್ನೊಂದು ನಿಮಿಷ," ಎಂದು ತಿಮ್ಮರಸಯ್ಯನವರು ಗಟ್ಟಿಯಾಗಿ ಹೇಳಿಕೊಂಡು ಬರೆದರು. ಅಲ್ಲಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ. ನನಗೆ ಅಳು ಬಂತು, ಮೇಲಿರುವವರ ಕಣ್ಣೀರು ಸೀದಾ ಮೇಜಿನ ಮೇಲೆ ಬೀಳುತ್ತದೆ ಎಂದು ಆಗಲೇ ಗೊತ್ತಾದದ್ದು.

"ಬಾ ತಾಯಿ, ಹುಷಾರು, ಆ ಕಡೆ ಜೇಡರ ಬಲೆ ಇದೆ," ಎಂದರು ಪುಟ್ಟಮಲ್ಲಪ್ಪ. ಮನೆಗೆ ಬಂದ ನೆಂಟರನ್ನು ಉಪಚರಿಸುವ ಹಾಗೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. ತೊಲೆಯ ಸಂದಿನಲ್ಲಿ ಅವರ ಎಲೆ ಅಡಿಕೆಯ ಸಂಚಿ ಇತ್ತು. ಆಮೇಲೆ ದನಿ ತಗ್ಗಿಸಿ, "ನಿಂಗೆ ಓದಕ್ಕೆ ಬರುತ್ತಲ್ವಾ?" ಎಂದು ಕೇಳಿದರು. ಬರುತ್ತೆ ಎಂದೆ. "ಹಂಗಾದ್ರೆ ಇದೇನು ಬರ್ದವ್ರೆ ಓದು. ಮೂವತ್ತು ವರ್ಷದಿಂದ ಮೂಗಿನ ಮುಂದೆ ಇಟ್ಕೊಂಡು ಮಲಗ್ತೀನಿ. ಒಂದಕ್ಷರ ಗೊತ್ತಿಲ್ಲ. ಕೆಳಗೆ ಯಾರನ್ನಾದ್ರೂ ಕೇಳಣ ಅಂದ್ರೆ ಕೇಳಂಗಿಲ್ಲವಲ್ಲ."

ಆಗ ನೋಡಿದೆ. ಛಾವಣಿಯ ಗಾರೆಯ ಮೇಲೆ ಈ ಗೋಡೆಯಿಂದ ಆ ಗೋಡೆಯವರೆಗೆ ಬರವಣಿಗೆ. ಸೀಸದಕಡ್ಡಿಯಲ್ಲಿ, ಉಗುರಿನಲ್ಲಿ, ಇದ್ದಿಲಿನಲ್ಲಿ. ಒಂದು ಕಡೆ ಯಾರೋ ಹುಲಿ ಕುರಿ ಆಟದ ಮನೆ ಬರೆದಿದ್ದರು. ನಾನು ಜೋರಾಗಿ ಓದತೊಡಗಿದೆ. "ಇಲ್ಲಿ ಹಲ್ಲಿಗಳಿವೆ, ಬಾಯಿ ಮುಚ್ಚಿ ಮಲಗಿ." "ಗಂಜಿಗೆ ಉಪ್ಪು ಸಾಲದು." "ಗುಂಗುರು ಕೂದಲ ಸಿಸ್ಟರ್ ಹಗ್ಗ ಹಿಡಿದೇ ಸ್ವೆಟರ್ ಹೆಣೆಯುತ್ತಾರೆ, ಜಗ್ಗುತ್ತದೆ." "ಬಲಕ್ಕೆ ಬೈತಲೆ ತೆಗೆಯುವ ಸಿಸ್ಟರ್ ಇವತ್ತು ಅತ್ತರು. ಯಾಕೆ ಎಂದು ಇಲ್ಲಿಂದ ಕೇಳಿದೆ. ಬಡಬಡಿಕೆ ಅಂದರು." ಪುಟ್ಟಮಲ್ಲಪ್ಪ ಒಂದೊಂದಕ್ಕೂ ಹೌದಾ, ಹೌದಾ ಎಂದು ತಲೆಯಾಡಿಸುತ್ತಿದ್ದರು. ಮೇಲಿರುವವರಿಗೆ ನರ್ಸುಗಳ ಮುಖವೇ ಕಾಣುವುದಿಲ್ಲ. ಕಾಣುವುದು ನೆತ್ತಿ ಮಾತ್ರ. ಎಲ್ಲರನ್ನೂ ನೆತ್ತಿಯಿಂದಲೇ ಗುರುತು ಹಿಡಿದು ಬರೆದಿದ್ದರು.

"ಏ ಹುಡುಗಿ, ಮೇಲಿನ ವಿಷಯ ಕೆಳಗೆ ಮಾತಾಡೋ ಹಾಗಿಲ್ಲ!" ಎಂದು ತಿಮ್ಮರಸಯ್ಯನವರು ಕೂಗಿದರು. "ನಾನು ಮೇಲೇ ಇದೀನಲ್ಲ ಸಾರ್," ಎಂದೆ. ಅವರು ಅದನ್ನೂ ಬರೆದುಕೊಂಡರು.

ನಾನು ಮುಂದೆ ಓದಿದೆ. "ಎರಡು ಸುಳಿಯ ಸಿಸ್ಟರ್ ಹಿಡಿದರೆ ಹಗ್ಗ ನಡುಗುವುದಿಲ್ಲ. ನಿದ್ದೆ ಬಂತು." ಅದರ ಕೆಳಗೆ ಬೇರೆ ಕೈಬರಹ: "ಎರಡು ಸುಳಿ ಬಂದರು. ಇನ್ನು ಭಯವಿಲ್ಲ." ತೊಲೆಯ ಆಚೆ ಮಗುವಿನ ದೊಡ್ಡ ದೊಡ್ಡ ಅಕ್ಷರದಲ್ಲಿ: "ಎರಡು ಸುಳಿ ಅತ್ತೆ, ನಾಳೆನೂ ನೀವೇ ಬನ್ನಿ." ಬೇರೆ ಯಾವ ಸಿಸ್ಟರ್ ವಿಷಯವೂ ಅಷ್ಟು ಸಲ ಇರಲಿಲ್ಲ. ಕಣ್ಣು ಹೊರಳಿಸಿದಲ್ಲೆಲ್ಲ ಎರಡು ಸುಳಿ, ಎರಡು ಸುಳಿ. ಯಾರಪ್ಪಾ ಈಕೆ ಎಂದು ಕೆಳಗೆ ನೋಡಿದೆ. ನೇರ ಕೆಳಗೆ ಮೇಟ್ರನ್ ದಮಯಂತಮ್ಮನ ನರೆತ ತಲೆ. ನೆತ್ತಿಯಲ್ಲಿ ಅಕ್ಕಪಕ್ಕ ಎರಡು ಸುಳಿ.

ಅವರ ಮದುವೆಯ ಕಥೆ ಊರಿಗೆಲ್ಲ ಗೊತ್ತಿತ್ತು. ಎರಡು ಸುಳಿ ಇದ್ದವಳಿಗೆ ಎರಡು ಮದುವೆಯಾಗುತ್ತದೆ, ನಾವು ಕೊಟ್ಟ ಗಂಡು ಮೊದಲನೆಯವನಾದರೆ ಏನು ಗತಿ ಎಂದು ಬಂದವರೆಲ್ಲ ಹಿಂದೆ ಸರಿದು, ಆಕೆಗೆ ಒಂದು ಮದುವೆಯೂ ಆಗಲಿಲ್ಲ. "ಮೇಡಂ," ಎಂದೆ, "ಇದೆಲ್ಲಾ ನೀವೇ." ಮೇಟ್ರನ್ ಕೈ ತಮ್ಮ ನೆತ್ತಿಗೆ ಹೋಯಿತು. ಆಮೇಲೆ ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಆ ವಾರ್ಡಿನಲ್ಲಿ ತಲೆ ಎತ್ತಿ ನೋಡಿದರು. ಅಷ್ಟು ಎತ್ತರದ ಮಸಕು ಬೆಳಕಿನಲ್ಲಿ ಕೆಳಗಿನಿಂದ ಏನೂ ಕಾಣುವಂತಿರಲಿಲ್ಲ. "ಸುಳ್ಳು ಹೇಳ್ತಿದೀಯಾ, ಸೀಟಿಗೋಸ್ಕರ?" ಎಂದು ಕೇಳಿದರು. ದನಿ ಗಡುಸಾಗಿಯೇ ಇತ್ತು. "ಕೆಳಗೆ ತೋರಿಸಿದ್ದು ಸುಳ್ಳು ಮೇಡಂ, ಬಟ್ಟು ಕಟ್ಕೊಂಡು ಬಂದಿದ್ದು ತಪ್ಪು. ಇದು ನಿಜ," ಎಂದೆ. ಅವರು ಕುರ್ಚಿಯಿಂದ ಎದ್ದು ಬಂದು ತೂಗುತ್ತಿದ್ದ ಹಗ್ಗದ ತುದಿಯನ್ನು ಹಿಡಿದುಕೊಂಡರು. "ಎಷ್ಟಿದೆ?" ಎಂದರು. "ಎಣಿಸು."

ನಾನು ಎಣಿಸತೊಡಗಿದೆ. ನಮ್ಮಿಬ್ಬರ ಭಾರವೂ ಆ ಒಂದು ಕೈಯಲ್ಲಿತ್ತು, ಆದರೂ ಹಗ್ಗ ಹಗ್ಗದ ಹಾಗೆ ಇರಲಿಲ್ಲ. ಯಾರೋ ಮಣಿಕಟ್ಟಿನ ಮೇಲೆ ಸುಮ್ಮನೆ ಕೈಯಿಟ್ಟು ಕೂತ ಹಾಗಿತ್ತು. ನಲವತ್ತೊಂದರ ತನಕ ಎಣಿಸಿದ್ದು ನೆನಪಿದೆ. ಆಮೇಲೆ ನನಗೆ ನಿದ್ದೆ ಬಂತು.

ಎಚ್ಚರವಾದಾಗ ಎರಡು ದಿನ ಕಳೆದಿತ್ತು, ಮೈಯ ಕೆಳಗೆ ಚಾಪೆ ಇತ್ತು. ಉಪ್ಪು ಹಾಕಿದ ಗಂಜಿ ಕೊಟ್ಟರು. ಯಾರೂ ಏನೂ ಕೇಳಲಿಲ್ಲ. ಮನೆಗೆ ಬಂದೆ, ಬಟ್ಟುಗಳನ್ನು ಅಪ್ಪನಿಗೆ ವಾಪಸು ಕೊಟ್ಟೆ, ತಕ್ಕಡಿಯ ಮುಂದೆ ಕೂತೆ. ಹದಿನೈದು ದಿನ ಬೆಲ್ಲ ತೂಗಿದೆ. ಅರ್ಧ ಕೇಜಿ ಕೇಳಿದವರಿಗೆ ಕಾಲು ಕೊಟ್ಟು ಬೈಸಿಕೊಂಡೆ. ಅಪ್ಪ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು.

ಪಟ್ಟಿ ಹೊರಬಿದ್ದಾಗ ಇಪ್ಪತ್ತೆಂಟನೆಯ ಹೆಸರು ನನ್ನದಾಗಿತ್ತು. ಹೇಗೆ ಎಂದು ತಿಮ್ಮರಸಯ್ಯನವರೇ ಅಂಗಡಿಗೆ ಬಂದು, ಬೇಳೆ ಕೊಳ್ಳುವ ನೆಪದಲ್ಲಿ ಹೇಳಿದರು. ಅವರು ನನ್ನ ಹೆಸರು ಹೊಡೆದುಹಾಕಲು ಲೇಖನಿ ಎತ್ತಿದಾಗ ಮೇಟ್ರನ್, "ಹದಿನಾಲ್ಕನೇ ಕಾಲಂನಲ್ಲಿ ಸರಿ ಅಂತ ಗುರುತು ಹಾಕಿದ್ದು ಯಾರು?" ಎಂದು ಕೇಳಿದರಂತೆ. ನಾನೇ ಎಂದರಂತೆ. "ಹಾಗಾದ್ರೆ ನೀವು ಸುಳ್ಳು ದಾಖಲೆ ಬರೆದಿರಿ ಅಂತ ನಾನು ಮೇಲಕ್ಕೆ ತಿಳಿಸಬೇಕಾ?" ಮೂವತ್ತೊಂದು ವರ್ಷದ ನೌಕರಿಯಲ್ಲಿ ತಿಮ್ಮರಸಯ್ಯನವರು ಸುಳ್ಳು ದಾಖಲೆ ಬರೆದವರಲ್ಲ. ಮೂರು ದಿನ ಊಟ ಬಿಟ್ಟು ಯೋಚಿಸಿ, ನನ್ನ ಪಾದ ನೆಲದ ಮೇಲಿತ್ತು ಎಂದೇ ತೀರ್ಮಾನಿಸಿದರು. "ಹಗ್ಗ ಬಿಟ್ಟಿಲ್ಲ ಅಂತ ಕೊನೇ ಸಾಲು ಬರೆದಿದೀನಿ. ಅದೂ ಸುಳ್ಳಲ್ಲ," ಎಂದು ಬೇಳೆ ತೆಗೆದುಕೊಂಡು ಹೋದರು. ಅವ್ವ ಅಂದು ಅಂಗಡಿಯ ಬಾಗಿಲಲ್ಲೇ ನಿಂತು ಅತ್ತಳು. ನಾನೂ ಅತ್ತೆ.

ಕಾಲೇಜಿನ ಮೊದಲ ದಿನ ಮೇಟ್ರನ್ ನನ್ನೊಬ್ಬಳನ್ನೇ ಹಳೆಯ ವಾರ್ಡಿಗೆ ಕರೆದರು. ಬಟ್ಟು ಕಟ್ಟಿಕೊಂಡು ಬಂದ ತಪ್ಪಿಗೆ ಒಂದು ತಿಂಗಳು ಎಲ್ಲ ಸೌಟುಗಳನ್ನೂ ತೊಳೆಯಬೇಕು ಎಂದು ಮೊದಲು ಹೇಳಿದರು. ಎಷ್ಟೋ ವರ್ಷಗಳ ಮೇಲೆ ಆ ವರ್ಷ ಸುಣ್ಣ ಬಳಿಯಲು ಬಂದವರನ್ನು ಅವರು ಛಾವಣಿ ಮುಟ್ಟಗೊಡದೆ ಗೋಡೆಯಿಂದಲೇ ವಾಪಸು ಕಳಿಸಿದ್ದರು. ಗೂಟದಲ್ಲಿ ಸಾಲಾಗಿ ನೇತುಹಾಕಿದ್ದ ಹಗ್ಗಗಳನ್ನು ನೋಡಿದೆ. ಒಂದೊಂದರ ಮೇಲ್ತುದಿಗೂ, ಸೊಂಟಕ್ಕೆ ಕಟ್ಟುವ ಗಂಟಿನ ಪಕ್ಕದಲ್ಲಿ, ಒಂದೊಂದು ಕೆತ್ತಿದ ಸೀಸದಕಡ್ಡಿ ಕಟ್ಟಿತ್ತು.

"ತಲೆ ಬಗ್ಗಿಸು," ಎಂದರು. ಬಗ್ಗಿಸಿದೆ. ಜಡ್ಡುಗಟ್ಟಿದ ಬೆರಳಿನಿಂದ ಕೂದಲು ಸರಿಸಿ ನನ್ನ ನೆತ್ತಿಯನ್ನು ಬಹಳ ಹೊತ್ತು ನೋಡಿದರು. ಹೊಸ ದಾಖಲೆ ಪುಸ್ತಕ ತೆರೆದು ನನ್ನ ಹೆಸರಿನ ಮುಂದೆ ಬರೆದರು: ಒಂದು ಸುಳಿ, ಎಡಕ್ಕೆ, ಪಕ್ಕದಲ್ಲಿ ಸಣ್ಣ ಮಚ್ಚೆ. ಇದು ಯಾಕೆ ಮೇಡಂ ಎಂದು ಕೇಳಿದೆ.

"ನಾಳೆ ನಿನ್ನ ವಿಷಯ ಯಾರಾದ್ರೂ ಬರೆದ್ರೆ ನೀನೇ ಅಂತ ನಮಗೆ ಗೊತ್ತಾಗಬೇಡ್ವಾ," ಎಂದು ಹೇಳಿ, ಒಂದು ಹಗ್ಗ ತೆಗೆದು ನನ್ನ ಕೈಗೆ ಕೊಟ್ಟರು.